ಹಗುರ ಹೊತ್ತು

ನಮ್ಮ ಊರಿನಲ್ಲಿ ನಡುಮಧ್ಯಾಹ್ನ ಎಲ್ಲವೂ ಹಗುರವಾಗುತ್ತದೆ. ಎಷ್ಟು ಹೊತ್ತು ಎಂದು ಹೇಳಲಾಗದು, ಎರಡು ನಿಮಿಷವೋ ನಾಲ್ಕೋ. ಅಷ್ಟರಲ್ಲಿ ಕಲ್ಲುಗಣಿಯವರು ಎಂಟು ಜನ ಹೊರಬೇಕಾದ ಚಪ್ಪಡಿಯನ್ನು ಇಬ್ಬರೇ ಎತ್ತಿ ಲಾರಿಗಿಡುತ್ತಾರೆ. ಮೊಣಕಾಲು ನೋವಿನ ಮುದುಕಿಯರು ಚರ್ಚಿನ ನಲವತ್ತು ಮೆಟ್ಟಿಲನ್ನು ಹತ್ತಿಬಿಡುತ್ತಾರೆ. ಇಳಿಯುವುದಕ್ಕೆ ಮಾತ್ರ ಯಾರದಾದರೂ ಕೈ ಬೇಕು. ದಿನ ತುಂಬಿದ ಬಸುರಿಯರು ಆ ಹೊತ್ತಿಗೆ ಸರಿಯಾಗಿ ಜಗಲಿಗೆ ಬಂದು ಕೂತು, ಬೆನ್ನು ಸಡಿಲಿಸಿಕೊಂಡು ಒಳಗೆ ಹೋಗುತ್ತಾರೆ. ಹೊರಗಿನಿಂದ ಬರುವ ಬಸ್ಸು ಊರ ಹೊರಗೇ ನಿಂತುಕೊಳ್ಳುತ್ತದೆ, ಬ್ರೇಕು ಹಿಡಿಯುವುದಿಲ್ಲವೆಂದು. ಕೂಸುಗಳಿಗೆ ಆಗ ಹಾಲು ಕೊಡುವುದಿಲ್ಲ, ಕಕ್ಕಿಬಿಡುತ್ತವೆ. ಸಂತೆಯ ವ್ಯಾಪಾರಿಗಳಿಗೆ ತೊಂದರೆಯಿಲ್ಲ. ತಕ್ಕಡಿಯ ಎರಡೂ ತಟ್ಟೆ ಒಟ್ಟಿಗೇ ಹಗುರವಾಗುವುದರಿಂದ ತೂಕ ತಪ್ಪುವುದಿಲ್ಲ. ನಾವು ಇದಕ್ಕೆ ಹಗುರ ಹೊತ್ತು ಎನ್ನುತ್ತೇವೆ. ಬೇರೆ ಊರುಗಳಲ್ಲಿ ಇದು ಇಲ್ಲವೆಂದು ನನಗೆ ತಿಳಿದದ್ದು ಟೀಚರ್ ಟ್ರೈನಿಂಗಿಗೆ ಹೋದಾಗ. ಹಾಸ್ಟೆಲಿನಲ್ಲಿ ಒಂದು ಮಧ್ಯಾಹ್ನ ಕಬ್ಬಿಣದ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಲು ಹೋಗಿ ಭುಜ ಉಳುಕಿಸಿಕೊಂಡೆ.

ಆ ಹೊತ್ತನ್ನು ತರುವವನು ನನ್ನ ದೊಡ್ಡಪ್ಪ ಇನ್ನಾಸಪ್ಪ ಎಂದು ಊರು ನಂಬಿತ್ತು. ಅವನು ಚರ್ಚಿನ ಗಂಟೆ ಹೊಡೆಯುವವನು. ಅವನಪ್ಪನೂ ಅವನಜ್ಜನೂ ಅದೇ ಕೆಲಸ ಮಾಡಿದವರು. ಗೋಪುರದ ನೆರಳು ಅಂಗಳದ ಕಲ್ಲುಗೆರೆಗೆ ಬಂದ ಕೂಡಲೇ ದೊಡ್ಡಪ್ಪ ಒಳಗೆ ಹೋಗಿ ಹಗ್ಗ ಹಿಡಿಯುತ್ತಿದ್ದ. ಮಧ್ಯಾಹ್ನದ ಜಪದ ಗಂಟೆ ಕೇಳಿದ ಕೂಡಲೇ ಜನ ಶಿಲುಬೆಯ ಗುರುತು ಮಾಡಿ, ಜಪ ಹೇಳುತ್ತಲೇ ಭಾರದ ಕೆಲಸಕ್ಕೆ ಕೈಹಾಕುತ್ತಿದ್ದರು. ಗಂಟೆ ನಿಂತರೆ ಭಾರ ಮರಳಿ ಬಂತೆಂದು ಅರ್ಥ. ಯಾವುದು ಮೊದಲು ಯಾವುದು ಆಮೇಲೆ ಎಂದು ಯಾರೂ ಕೇಳಿರಲಿಲ್ಲ, ಕೇಳುವ ಅಗತ್ಯ ಬಂದಿರಲಿಲ್ಲ.

ನನ್ನ ಅಪ್ಪ ಅಮ್ಮ ಬೇಗ ತೀರಿಕೊಂಡರು. ಮದುವೆಯಾಗದ ದೊಡ್ಡಪ್ಪನೇ ನನ್ನನ್ನು ಸಾಕಿ, ಓದಿಸಿ, ಚರ್ಚಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು ಮಾಡಿದ. ಹೆಚ್ಚು ಮಾತಿನವನಲ್ಲ. ಹನ್ನೊಂದು ವರ್ಷದ ಹಿಂದಿನ ಆ ಮಧ್ಯಾಹ್ನದ ಮೇಲಂತೂ ಇದ್ದ ಮಾತೂ ನಿಂತುಹೋಯಿತು.

ಆವತ್ತು ಚೌರಪ್ಪ ಎಂಬ ಬಡಗಿ ಚರ್ಚಿನ ಮಾಡು ಬಿಚ್ಚಿ ಹೊಸ ತೊಲೆ ಏರಿಸುತ್ತಿದ್ದ. ಭಾರಿ ತೊಲೆಗಳನ್ನು ಹಗುರ ಹೊತ್ತಿಗೆಂದೇ ಉಳಿಸಿಟ್ಟಿದ್ದ. ಗಂಟೆ ಶುರುವಾಗುತ್ತಲೇ ಒಂದನ್ನು ಹೆಗಲಿಗೇರಿಸಿಕೊಂಡು ಗೋಡೆಯ ನೆತ್ತಿಯ ಮೇಲೆ ನಡೆದ. ದಿನವೂ ಮೂವತ್ತಕ್ಕೆ ಕಡಿಮೆಯಿಲ್ಲದೆ ಬಡಿಯುತ್ತಿದ್ದ ಗಂಟೆ ಅಂದು ಹನ್ನೆರಡಕ್ಕೋ ಹದಿಮೂರಕ್ಕೋ ನಿಂತಿತು. ತೊಲೆಯ ಭಾರ ಒಮ್ಮೆಗೇ ಮರಳಿತು. ಚೌರಪ್ಪ ತೊಲೆಯ ಸಮೇತ ಅಂಗಳಕ್ಕೆ ಬಿದ್ದ. ಮಣ್ಣು ಮಾಡುವಾಗ ಆಗಿನ ಗುರುಗಳು ದೇವರ ಚಿತ್ತ ಎಂದರು. ಊರಿನವರು ಇನ್ನಾಸಪ್ಪನ ಕೈ ಎಂದರು, ಅವನಿಗೆ ಕೇಳಿಸದ ಹಾಗೆ.

ಚೌರಪ್ಪನ ಹೆಂಡತಿ ಲೂರ್ದಮ್ಮ ಮಾತ್ರ ಅವನಿಗೆ ಕೇಳಿಸುವ ಹಾಗೆಯೇ ಅಂದಳು, ಅದೂ ಒಂದೇ ಸಲ. ಮಣ್ಣು ಮಾಡಿ ಬರುವಾಗ ಅವನ ಎದುರಿಗೆ ನಿಂತು, "ನಿನ್ನ ಕೈ ಬಿದ್ದುಹೋಗ್ಲಿ ಅನ್ನಲ್ಲ. ಗಟ್ಟಿಯಾಗೇ ಇರ್ಲಿ. ದಿನಾ ಹೊಡಿ, ದಿನಾ ನೆನಸ್ಕೊ," ಎಂದಳು. ಆಮೇಲೆ ಅವಳು ಅವನೊಡನೆ ಮಾತಾಡಲಿಲ್ಲ. ಮೂರು ಮಕ್ಕಳನ್ನು ಹೊಲಿಗೆ ಮಾಡಿ ಸಾಕಿದಳು. ನಮ್ಮ ಮನೆಯ ಮುಂದಿನ ದಾರಿ ಬಿಟ್ಟು ಗಣಿಯ ಕಡೆಯಿಂದ ಸುತ್ತಿಕೊಂಡು ಚರ್ಚಿಗೆ ಬರುತ್ತಿದ್ದಳು.

ದೊಡ್ಡಪ್ಪ ಗಂಟೆ ಬಿಡಲಿಲ್ಲ. ಬಿಟ್ಟರೆ ತಪ್ಪಿಸಿಕೊಂಡ ಹಾಗಾಗುತ್ತದೆ ಎಂದು ಅವನ ಲೆಕ್ಕ ಇದ್ದಿರಬೇಕು. ಪ್ರತಿ ಶನಿವಾರ ಗುರುಗಳ ಮುಂದೆ ಪಾಪನಿವೇದನೆಗೆ ಹೋಗುತ್ತಿದ್ದ. ಒಂದು ಸಲ ಮಾತ್ರ ನನ್ನೊಡನೆ ಅದರ ಮಾತೆತ್ತಿದ. "ಆವತ್ತು ಬಲಗೈ ಬೆಳಗಿಂದ ನೋಯ್ತಿತ್ತು ಜಸಿಂತಾ. ಕೈ ಬಿಟ್ಟಿದ್ದಕ್ಕೆ ಭಾರ ಬಂತೋ, ಭಾರ ಬಂದಿದ್ದಕ್ಕೆ ಕೈ ಬಿಟ್ಟೆನೋ, ಎಷ್ಟು ಯೋಚ್ನೆ ಮಾಡಿದ್ರೂ ಗೊತ್ತಾಗಾಕಿಲ್ಲ. ಎರಡೂ ಒಂದೇ ಸಲಕ್ಕೆ ಆದಂಗೈತೆ." ಭೌತಶಾಸ್ತ್ರ ಓದಿದವಳು ನಾನು, ಅವನ ಬಲಗೈಗೆ ಎಣ್ಣೆ ತಿಕ್ಕಿದೆ.

ಫಾದರ್ ಅಂಬ್ರೋಸ್ ನಮ್ಮೂರಿಗೆ ಬಂದದ್ದು ಅದಾಗಿ ಹನ್ನೊಂದನೆಯ ವರ್ಷ. ಗುರುದೀಕ್ಷೆಗೆ ಮೊದಲು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು, ತೆಳ್ಳಗೆ, ಸ್ವಲ್ಪ ಮರೆವಿನವರು. ಅವರನ್ನು ಬಿಷಪ್ಪರು ಸುಮ್ಮನೆ ಕಳಿಸಿರಲಿಲ್ಲ. ನಮ್ಮ ಊರನ್ನು ಯಾತ್ರಾಸ್ಥಳ ಮಾಡಬೇಕೆಂದು ಊರ ಹಿರಿಯರು ಅರ್ಜಿ ಕೊಟ್ಟಿದ್ದರು. ಇದು ಪವಾಡ ಹೌದೋ ಅಲ್ಲವೋ ನೋಡಿ ಬರೆಯಬೇಕು ಎಂದು ಅವರಿಗೆ ಅಪ್ಪಣೆಯಾಗಿತ್ತು.

ಬಂದ ಮರುವಾರವೇ ಅವರು ಲ್ಯಾಬಿಗೆ ಬಂದು, "ಟೀಚರ್, ಸ್ಪ್ರಿಂಗ್ ತಕ್ಕಡಿ ಇದೆಯಾ?" ಎಂದು ಕೇಳಿದರು. ಇತ್ತು, ಆದರೆ ಅದನ್ನು ಹಗುರ ಹೊತ್ತಿನಲ್ಲಿ ತೂಗುಹಾಕಬೇಕೆಂದು ನನಗೆ ಎಂದೂ ಹೊಳೆದಿರಲಿಲ್ಲ. ಮನೆಯ ದೇವರ ಪಟವನ್ನು ಯಾರು ಅಳತೆಪಟ್ಟಿ ಹಿಡಿದು ನೋಡುತ್ತಾರೆ? ಗಂಟೆಯ ಹಗ್ಗದ ಪಕ್ಕದಲ್ಲೇ ತಕ್ಕಡಿಗೆ ಒಂದು ಕಿಲೋ ತೂಕದ ಬಟ್ಟು ತೂಗುಹಾಕಿದೆವು. ಹೊತ್ತು ಬಂದಾಗ ಸ್ಪ್ರಿಂಗ್ ಕುಗ್ಗಿ, ಮುಳ್ಳು ಕೆಳಗಿನ ಒಂದು ಕಿಲೋದಿಂದ ಮೇಲಿನ ನೂರೈವತ್ತು ಗ್ರಾಮಿಗೆ ಏರಿ ನಿಂತಿತು. ನಾನು ಸ್ಟಾಪ್‌ವಾಚ್ ಒತ್ತಿದೆ. ಫಾದರ್ ಬಡಿತ ಎಣಿಸಿದರು. ದೊಡ್ಡಪ್ಪ ನಮ್ಮ ಕಡೆ ನೋಡದೆ ಹಗ್ಗ ಎಳೆದ.

ಇಪ್ಪತ್ತಾರು ದಿನ ಹೀಗೆ ಬರೆದುಕೊಂಡೆವು. ಮುಳ್ಳು ಮತ್ತೆ ಒಂದು ಕಿಲೋಗೆ ಇಳಿಯುವುದೂ ಗಂಟೆ ನಿಲ್ಲುವುದೂ ಎಷ್ಟು ಹತ್ತಿರ ಹತ್ತಿರ ಆಗುತ್ತಿದ್ದವೆಂದರೆ, ಒಂದು ದಿನ ಇದು ಮೊದಲು, ಮರುದಿನ ಅದು ಮೊದಲು ಎನ್ನುವಂತಿತ್ತು. ಇಪ್ಪತ್ತೇಳನೆಯ ದಿನ ಫಾದರ್ ಪುಸ್ತಕ ಮುಚ್ಚಿದರು.

"ಇನ್ನಾಸಪ್ಪನವರೇ, ಒಂದು ದಿನ ನೀವು ಗಂಟೆ ಹೊಡೆಯದೇ ಇದ್ರೆ ಏನಾಗುತ್ತೆ?"

"ಗೊತ್ತಿಲ್ಲ ಫಾದರ್. ನಮ್ಮಜ್ಜನ ಕಾಲ್ದಿಂದ ತಪ್ಪಿಲ್ಲ."

"ತಿಳ್ಕೋಬೇಕು ಅಂತ ಅನ್ನಿಸಿಲ್ವಾ?"

ದೊಡ್ಡಪ್ಪ ಹಗ್ಗವನ್ನು ಮೊಳೆಗೆ ಸುತ್ತಿದ. "ಹನ್ನೊಂದು ವರ್ಷದಿಂದ ಅನ್ನಿಸ್ತಾನೇ ಐತೆ. ಧೈರ್ಯ ಇರ್ಲಿಲ್ಲ."

ಭಾನುವಾರದ ಪೂಜೆಯಲ್ಲಿ ಫಾದರ್ ಅದನ್ನು ಸಾರಿದರು: ಬರುವ ಮೂರು ದಿನ ಗಂಟೆ ಇಲ್ಲ, ಯಾರೂ ಎತ್ತರದಲ್ಲಿರಕೂಡದು, ಭಾರ ಎತ್ತಕೂಡದು. ಊರು ಒಪ್ಪಲಿಲ್ಲ. ಹಿರಿಯರು ಫಾದರ್ ಬಂಗಲೆಗೆ ಬಂದು, ದೇವರನ್ನು ಪರೀಕ್ಷೆ ಮಾಡಬಾರದೆಂದು ಬೈಬಲ್ ವಾಕ್ಯದಲ್ಲೇ ಇದೆಯಲ್ಲ ಎಂದರು. ಫಾದರ್ ಎಲ್ಲ ಕೇಳಿ, "ನಾನು ಪರೀಕ್ಷೆ ಮಾಡ್ತಿರೋದು ಗಂಟೆಯನ್ನ," ಎಂದರು. ಅವರಿಗೇ ಆ ಉತ್ತರ ಪೂರ್ತಿ ಸರಿಯೆನಿಸಿರಲಿಲ್ಲ ಎಂದು ಮುಖದಲ್ಲಿ ಕಾಣುತ್ತಿತ್ತು. ನನ್ನ ಹತ್ತಿರ ಆಮೇಲೆ ಹೇಳಿದರು, "ಹೊಡೆಯದಿದ್ರೂ ಹೊತ್ತು ಬಂದ್ರೆ ಜನ ನನ್ನನ್ನ ಕ್ಷಮಿಸಲ್ಲ. ಬರದಿದ್ರೆ ತಪ್ಪು ಇನ್ನಾಸಪ್ಪನವರದ್ದೇ ಅಂತಾಗುತ್ತೆ, ನಾನೇ ನನ್ನನ್ನ ಕ್ಷಮಿಸ್ಕೊಳ್ಳಲ್ಲ."

ಸೋಮವಾರ ಮಧ್ಯಾಹ್ನ ಊರೆಲ್ಲ ನೆಲದ ಮೇಲೆ ಕೂತಿತ್ತು. ಗಣಿಯವರು ಸುತ್ತಿಗೆ ಕೆಳಗಿಟ್ಟು ಬಂಡೆಯ ನೆರಳಿನಲ್ಲಿ ಕೂತಿದ್ದರು. ದೊಡ್ಡಪ್ಪ ಚರ್ಚಿನ ಬಾಗಿಲ ಮೆಟ್ಟಿಲ ಮೇಲೆ, ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ನೆರಳು ಗೆರೆಗೆ ಬಂತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ನನ್ನ ಕೈಯ ತಕ್ಕಡಿಯ ಮುಳ್ಳು ಮೆತ್ತಗೆ ಮೇಲೇರಿತು. ಮೌನದಲ್ಲಿ ಬಂದ ಹಗುರ ಹೊತ್ತನ್ನು ನಾವು ಅದುವರೆಗೆ ಕಂಡಿರಲಿಲ್ಲ. ಯಾರೋ ಹೆಂಗಸು ಅಳುವುದು ಕೇಳಿಸಿತು. ಮೂರು ನಿಮಿಷ ಹತ್ತು ಸೆಕೆಂಡು ಇತ್ತು, ಹೋಯಿತು.

ಮಂಗಳವಾರ ಐವತ್ತು ಸೆಕೆಂಡಿಗೇ ಹೋಯಿತು. ಯಾರೂ ಹಗ್ಗ ಬಿಟ್ಟಿರಲಿಲ್ಲ, ಯಾರ ಕೈಯೂ ನೋಯುತ್ತಿರಲಿಲ್ಲ. ಹೊತ್ತೇ ಅಷ್ಟಿತ್ತು, ಹತ್ತು ಹನ್ನೆರಡು ಬಡಿತದಷ್ಟು. ಆ ಅಂಕಿಯನ್ನು ಬರೆಯುವಾಗ ನಾನು ದೊಡ್ಡಪ್ಪನ ಕಡೆ ನೋಡಿದೆ. ಅವನು ಎದ್ದು ಮನೆಗೆ ನಡೆದಿದ್ದ. ಬುಧವಾರ ನಾಲ್ಕು ನಿಮಿಷ.

ಇದಾದ ಮೇಲೆ ಊರು ಒಂದು ಬಗೆಯಲ್ಲಿ ಸಪ್ಪೆಯಾಯಿತು. ಗಣಿಯ ಮೇಸ್ತ್ರಿಯೊಬ್ಬ ಬಂದು, ಹೊತ್ತು ತಾನೇ ಬರುವುದಾದರೆ ಜಪ ಯಾಕೆ, ಟೈಮ್‌ಟೇಬಲ್ ಬರೆದುಕೊಡಿ ಎಂದ. ಪೂಜೆಗೆ ಬರುವವರು ಕಡಿಮೆಯಾದರು. ಮುಂದಿನ ಭಾನುವಾರ ಫಾದರ್ ಪೂಜೆಯ ಪ್ರಸಂಗ ಮಾಡುತ್ತಿದ್ದಾಗ ಮುದುಕಿಯೊಬ್ಬಳು ಎದ್ದು ನಿಂತು, "ಗಂಟೆಗೂ ಬರಾಕಿಲ್ಲ, ಜಪಕ್ಕೂ ಬರಾಕಿಲ್ಲ ಅಂದ್ರೆ ದೇವ್ರು ಏನ್ ಮಾಡ್ತಾನೆ ಫಾದರ್?" ಎಂದು ಕೇಳಿದಳು.

ಫಾದರ್ ಪ್ರಸಂಗದ ಹಾಳೆಯನ್ನು ಮಡಚಿಟ್ಟರು. "ಅಜ್ಜಿ, ನಾನೂ ಅದನ್ನೇ ಹುಡುಕ್ತಾ ಬಂದೆ. ಎಲ್ಲಿ ಲೆಕ್ಕ ತಪ್ಪುತ್ತೋ ಅಲ್ಲಿ ದೇವರ ಕೈ ಇರುತ್ತೆ ಅಂದ್ಕೊಂಡಿದ್ದೆ. ಹೊತ್ತು ಒಂದು ದಿನ ಉದ್ದ, ಒಂದು ದಿನ ಗಿಡ್ಡ. ಯಾಕೆ ಅಂತ ನನ್ನ ಲೆಕ್ಕಕ್ಕೆ ಸಿಕ್ಕಲಿಲ್ಲ. ಆ ಸಂದಿಯಲ್ಲಿ ದೇವರನ್ನ ಕೂರಿಸೋಣ ಅಂತ ಮನಸ್ಸಾಯ್ತು. ಆದ್ರೆ ಹಾಗೆ ಕೂರಿಸಿದ್ರೆ, ಒಬ್ಬ ಮನುಷ್ಯ ತೊಲೆ ಹೊತ್ಕೊಂಡು ಗೋಡೆ ಮೇಲಿದ್ದಾಗ ಹೊತ್ತನ್ನ ಕತ್ತರಿಸಿದವನೂ ಅವನೇ ಅಂತ ಆಗುತ್ತೆ. ಅದನ್ನ ನಾನು ನಂಬಲಾರೆ." ಮುದುಕಿಯ ಕಡೆ ತಿರುಗಿದರು. "ಹನ್ನೆರಡಕ್ಕೆ ಕಲ್ಲು ಹಗುರ ಆದ್ರೆ ದೇವರು ಅಂತೀವಿ. ಹನ್ನೊಂದಕ್ಕೆ ಅದು ಭಾರವಾಗಿತ್ತಲ್ಲ, ಅದನ್ನ ಹಾಗೆ ನೆಲಕ್ಕೆ ಹಿಡಿದಿದ್ದೋರು ಯಾರು ಅಂತ ನಾವು ಕೇಳೇ ಇಲ್ಲ. ನನಗೆ ಇಷ್ಟೇ ಗೊತ್ತಿರೋದು."

ಮುದುಕಿ ಕೂತಳು. ಉತ್ತರ ಸಾಕಾಯಿತೋ ಕಾಲು ನೋಯಿತೋ ತಿಳಿಯದು. ಹಿಂದಿನ ಸಾಲಿನಲ್ಲಿ ಲೂರ್ದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ನಾನು ಅಂದುಕೊಂಡಿದ್ದು ದೊಡ್ಡಪ್ಪನ ಎದೆ ಹಗುರವಾಗುತ್ತದೆ ಎಂದು. ಅವನು ಊಟ ಬಿಟ್ಟ. ಗಂಟೆಗೆ ಹೋಗಲಿಲ್ಲ. ಮುಂದಿನ ಶನಿವಾರ ಪಾಪನಿವೇದನೆಗೂ ಹೋಗಲಿಲ್ಲ. ನಾನು ಮೂರು ದಿನದ ಅಂಕಿಗಳನ್ನು ಅವನ ಮುಂದಿಟ್ಟು, "ನಿನ್ನ ಕೈಯಿಂದ ಆದದ್ದಲ್ಲ ದೊಡ್ಡಪ್ಪ, ಇನ್ನೇನು ಬೇಕು?" ಎಂದೆ.

"ತಪ್ಪು ಅಂತ ಒಂದಿತ್ತು. ಅದಕ್ಕೆ ಕ್ಷಮೆ ಕೇಳ್ಬೋದಿತ್ತು," ಎಂದ. "ಈಗ ಚೌರ ಸುಮ್‌ಸುಮ್ನೆ ಸತ್ತಂಗಾಯ್ತಲ್ಲ. ಇದನ್ನ ಯಾರ ಹತ್ರ ಒಯ್ಲಿ?"

ಲೂರ್ದಮ್ಮನಿಗೆ ಈ ಅಂಕಿಗಳನ್ನು ತಾನು ಹೇಳುವುದಿಲ್ಲ ಎಂದ. ನಾನೇ ಹೋದೆ. ಸಂಜೆ ಸ್ಕೂಲು ಬಿಟ್ಟ ಮೇಲೆ, ಪುಸ್ತಕ ಹಿಡಿದುಕೊಂಡು. ಅವಳು ಯೂನಿಫಾರಂ ಹೊಲಿಯುತ್ತಿದ್ದಳು. ಮಿಷನ್ನು ನಿಲ್ಲಿಸದೆ, "ಓದು," ಎಂದಳು. ನಾನು ಐವತ್ತು ಸೆಕೆಂಡಿನ ಸಾಲಿಗೆ ಬಂದಾಗ ಮಿಷನ್ನು ನಿಂತಿತು.

"ಅಂದ್ರೆ ಯಾರೂ ಕೊಂದಿಲ್ಲ."

"ಇಲ್ಲ ಲೂರ್ದಕ್ಕ."

"ದೇವ್ರೂ?"

"ಫಾದರ್ ಇಲ್ಲ ಅಂತಾರೆ. ನೀವೂ ಕೇಳಿದ್ರಲ್ಲ."

"ಉಳಿಸ್ಲೂ ಇಲ್ಲ," ಎಂದಳು. ಸೂಜಿಯಿಂದ ದಾರ ಕಿತ್ತು, ಮತ್ತೆ ಪೋಣಿಸುವುದಕ್ಕೆ ಹೋಗಲಿಲ್ಲ. ಹೊಲಿಯುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು ಹೇಳಿದಳು, "ನಿನ್ನ ಪುಸ್ತಕದಲ್ಲಿರೋದು ನಂಗೆ ಆವತ್ತೇ ಗೊತ್ತಿತ್ತು ಜಸಿಂತಾ."

ನನಗೆ ಅರ್ಥವಾಗಲಿಲ್ಲ.

"ನಾನು ಬಾವಿ ಹತ್ರ ಇದ್ದೆ. ಹಗುರ ಹೊತ್ನಲ್ಲೇ ನಾವು ನೀರು ಸೇದೋದು. ಕೊಡ ಅರ್ಧಕ್ಕೆ ಬಂದಿತ್ತು. ಒಂದೇ ಸಲ ಕೈ ಜಗ್ತು, ಹಗ್ಗ ಅಂಗೈ ಸುಟ್ಕೊಂಡು ಹೋಯ್ತು. ಕೊಡ ನೀರಿಗೆ ಬಿದ್ದ ಸದ್ದು ಕೇಳಿಸ್ತು. ಅದಾದ್ಮೇಲೂ ಗಂಟೆ ಹೊಡೀತಿತ್ತು. ಎರಡು ಬಡಿತ. ಮೂರಿದ್ರೂ ಇರ್ಬೋದು. ಆಮೇಲೆ ನಿಂತಿದ್ದು." ಅವಳು ನನ್ನನ್ನು ನೋಡುತ್ತಿರಲಿಲ್ಲ. "ಇನ್ನಾಸಣ್ಣ ಬಿಡೋಕೆ ಮೊದಲೇ ಭಾರ ಬಂದಿತ್ತು. ನಂಗೆ ಗೊತ್ತಿತ್ತು. ಮಣ್ಣು ಮಾಡೋ ಹೊತ್ನಲ್ಲೂ ಗೊತ್ತಿತ್ತು."

"ಮತ್ತೆ ಯಾಕೆ?" ಎಂದೆ. ನನ್ನ ದನಿ ಏರಿರಬೇಕು.

"ಮೂರು ಮಕ್ಕಳಿದ್ವು. ಚಿಕ್ಕೋಳು ಇನ್ನೂ ಎದೆಹಾಲು ಕುಡೀತಿದ್ಲು. ದೇವರ ಮೇಲೆ ಸಿಟ್ಟು ಇಟ್ಕೊಂಡು ಮಕ್ಕಳನ್ನ ಸಾಕೋಕಾಗುತ್ತಾ? ಬೆಳಗ್ಗೆ ಎದ್ದು ಯಾರನ್ನ ನೆನೀಲಿ? ಮನುಷ್ಯರ ಮೇಲಾದ್ರೆ ಸಿಟ್ಟು ಇಟ್ಕೊಬೋದು. ಇನ್ನಾಸಣ್ಣ ಹತ್ತಿರದಲ್ಲಿದ್ದ."

ನಾನು ಪುಸ್ತಕ ಎತ್ತಿಕೊಂಡು ಮನೆಗೆ ಬಂದೆ. ದೊಡ್ಡಪ್ಪನಿಗೆ ಏನೂ ಹೇಳಲಿಲ್ಲ. ಅದು ನಾನು ಹೇಳಬೇಕಾದ ಮಾತಾಗಿರಲಿಲ್ಲ.

ಮರುದಿನ ಸ್ಕೂಲಿಗೆ ರಜೆ. ಬೆಳಗಿನ ಹತ್ತು ಗಂಟೆಗೆ ಲೂರ್ದಮ್ಮ ನಮ್ಮ ಮನೆಯ ಮುಂದಿನ ದಾರಿಯಲ್ಲೇ ನಡೆದು ಬಂದಳು. ದೊಡ್ಡಪ್ಪ ಜಗಲಿಯ ಮೇಲಿದ್ದ. ಎದ್ದು ನಿಂತ, ಎಲ್ಲಿ ನಿಲ್ಲಬೇಕೆಂದು ತಿಳಿಯದವನ ಹಾಗೆ. ಅವಳು ನನಗೆ ಹೇಳಿದ್ದನ್ನೆಲ್ಲ, ಒಂದು ಮಾತನ್ನೂ ಬಿಡದೆ, ನಿಂತುಕೊಂಡೇ ಹೇಳಿದಳು. ಹೇಳಿ, "ಬಯ್ಯಿ ಅಣ್ಣ," ಎಂದಳು.

ದೊಡ್ಡಪ್ಪನಿಗೆ ಸಿಟ್ಟು ಬಂದದ್ದನ್ನು ನಾನು ಜೀವಮಾನದಲ್ಲಿ ನೋಡಿದ್ದು ಅದೊಂದೇ ಸಲ. "ಹನ್ನೊಂದು ವರ್ಷ," ಎಂದ. "ವಾರ ವಾರ ಹೋಗಿ ಅದೇ ಪಾಪ ಹೇಳ್ದೆ. ಮೂರು ಜನ ಫಾದರ್ ಕ್ಷಮೆ ಕೊಟ್ರು, ನಾನು ಒಂದ್ಸಲನೂ ತಗೊಳ್ಲಿಲ್ಲ. ಒಂದು ಮಾತು. ಒಂದೇ ಒಂದು ಮಾತು ನೀನು ಹೇಳ್ಬೋದಿತ್ತು ಲೂರ್ದು."

"ಹೇಳ್ಬೋದಿತ್ತು."

ಅವನು ಒಳಗೆ ಹೋದ. ಬಾಗಿಲು ಹಾಕಿಕೊಳ್ಳಲಿಲ್ಲ. ಅವಳು ಅಂಗಳ ಬಿಟ್ಟು ಕದಲಲಿಲ್ಲ, ಕೂರಲೂ ಇಲ್ಲ. ಒಳಗೆ ಹೂಜಿಯಿಂದ ನೀರು ಬಗ್ಗಿಸುವ ಸದ್ದಾಯಿತು. ಲೋಟ ಹಿಡಿದು ಹೊರಗೆ ಬಂದು ಅವಳ ಕೈಗೆ ಕೊಟ್ಟ. ಅವಳು ಕುಡಿಯುತ್ತಿರುವಾಗ, ಕಂಬಕ್ಕೆ ಒರಗಿ ಹೇಳಿದ:

"ನಂದೂ ಒಂದೈತೆ. ಪಾಪನಿವೇದನೆಯಲ್ಲೂ ಸರಿಯಾಗಿ ಹೇಳಿಲ್ಲ. ಆವತ್ತು ಕೈ ನೋಯ್ತಿತ್ತು. ಮೊದಲ್ನೇ ಬಡಿತಕ್ಕೇ, ಇವತ್ತು ಬೇಗ ಬಿಟ್ಬಿಡಣ ಅಂತ ಮನಸ್ಸಿಗೆ ಬಂದಿತ್ತು. ಮೇಲೆ ಚೌರ ಅವ್ನೆ ಅಂತಾನೂ ಗೊತ್ತಿತ್ತು. ಬಿಟ್ರೆ ಏನಾದೀತು ಅಂತ ಅಂದ್ಕೊಂಡೆ. ಭಾರ ಮೊದಲು ಬಂತು, ಆಯ್ತು, ಜಸಿಂತನ ತಕ್ಕಡಿ ಹೇಳೋದು ದಿಟ. ಬರದಿದ್ರೂ ನಾನು ಬಿಡ್ತಿದ್ದೆ ಅನ್ಸುತ್ತೆ. ಅದಕ್ಕೆ ತಕ್ಕಡಿ ಇಲ್ಲವಲ್ಲ."

ಲೂರ್ದಮ್ಮ ಲೋಟವನ್ನು ಜಗಲಿಯ ಮೇಲಿಟ್ಟಳು. "ಅದನ್ನ ನಾನು ಕ್ಷಮಿಸ್ತೀನಿ ಅಣ್ಣ," ಎಂದಳು. "ಅದು ನಂಗೆ ಸೇರಿದ್ದು."

ದೊಡ್ಡಪ್ಪ ಜಗಲಿಯ ಮೇಲೆ ಕುಸಿದು ಕೂತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಟವೆಲ್ಲಿನ ಒಳಗಿಂದಲೇ, "ನೀನು ಮಾಡಿದ್ದನ್ನ ಕ್ಷಮಿಸಾಕೆ ಇವತ್ತು ಆಗಾಕಿಲ್ಲ. ನಾಳೆ ನೋಡಣ," ಎಂದ. ಅವಳು ಆಗಲಿ ಎಂದು ತಲೆಯಾಡಿಸಿ, ಅವನಿಂದ ಎರಡು ಮಾರು ದೂರದಲ್ಲಿ ಅದೇ ಜಗಲಿಯ ಮೇಲೆ ಕೂತಳು. ನಾನು ಕಾಫಿಗೆ ನೀರಿಡಲು ಒಳಗೆ ಹೋದೆ.

ಇದನ್ನು ಫಾದರಿಗೆ ಹೇಳಬಹುದೇ ಎಂದು ಇಬ್ಬರನ್ನೂ ಕೇಳಿಯೇ ನಾನು ಹೇಳಿದೆ. ಅವರು ಬಿಷಪ್ಪರಿಗೆ ಬರೆದಿದ್ದ ಹದಿನಾಲ್ಕು ಪುಟದ ವರದಿಯನ್ನು ಮೇಜಿನ ಮೇಲಿಂದ ತೆಗೆದು ಕಪಾಟಿನೊಳಗೆ ಹಾಕಿದರು. ಕಳಿಸಿದ್ದು ಒಂದು ಕಾಗದ, ನನಗೆ ಓದಲು ಕೊಟ್ಟಿದ್ದರು. "ಪವಾಡವೋ ಎಂದು ಕೇಳಿದ್ದೀರಿ, ಅಳೆದೆ, ಅಳತೆಗೆ ಸಿಕ್ಕಿತು. ಅಳತೆಗೆ ಸಿಕ್ಕಿದ್ದರಿಂದ ಅದು ದೇವರದಲ್ಲ ಎಂದು ಹೇಳಲು ನನಗೆ ಆಧಾರವಿಲ್ಲ, ಯಾತ್ರಾಸ್ಥಳ ಮಾಡುವುದು ಬೇಡ," ಎಂದಿತ್ತು. ಕೆಳಗೆ ಇನ್ನೊಂದು ಸಾಲಿತ್ತು: "ಈ ಊರಿನಲ್ಲಿ ದೇವರು ಕೆಲಸ ಮಾಡಿದ್ದನ್ನು ನಾನು ಒಮ್ಮೆ ಕೇಳಿ ತಿಳಿದೆ, ಅದು ಮಧ್ಯಾಹ್ನದಲ್ಲಿ ಅಲ್ಲ." ಬಿಷಪ್ಪರಿಂದ ಉತ್ತರ ಬಂದದ್ದು ನನಗೆ ಗೊತ್ತಿಲ್ಲ. ಹಗುರ ಹೊತ್ತಿನಲ್ಲಿ ಯಾರೂ ಎತ್ತರದಲ್ಲಿರಬಾರದು ಎಂಬ ನಿಯಮ ಮಾತ್ರ ಅಂದಿನಿಂದ ಊರಿನಲ್ಲಿ ನಿಂತಿತು. ಗಣಿಯವರೂ ಒಪ್ಪಿಕೊಂಡರು.

ಗಂಟೆಯ ಮಾತನ್ನು ಫಾದರ್ ಎತ್ತಲಿಲ್ಲ. ಎತ್ತಿದವಳು ಲೂರ್ದಮ್ಮ, ಒಂದು ವಾರದ ಮೇಲೆ.

"ಯಾಕೆ ಹೊಡೀಬೇಕು? ಅದು ತಾನೇ ಬರುತ್ತಲ್ಲ," ಎಂದ ದೊಡ್ಡಪ್ಪ.

"ಸೂರ್ಯನೂ ತಾನೇ ಹುಟ್ತಾನೆ. ಹಂಗಂತ ನಾವು ಬೆಳಗಿನ ಜಪ ಬಿಡ್ತೀವಾ ಅಣ್ಣ?"

ಅವನು ಬಲಗೈಯನ್ನು ಮಡಚಿ ಬಿಡಿಸಿ ನೋಡಿಕೊಂಡ. ಅದರಲ್ಲಿ ಈಗ ನಿಜವಾಗಿಯೂ ಶಕ್ತಿಯಿರಲಿಲ್ಲ. "ಒಬ್ಬನ ಕೈಲಿ ಆಗಾಕಿಲ್ಲ," ಎಂದ.

ಮರುದಿನ ನಾನು ಎಂಟನೆಯ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಮೂರು ವಾರ ಸುಮ್ಮನಿದ್ದ ಗಂಟೆ ಹೊಡೆಯಿತು. ಮಕ್ಕಳು ಎದ್ದು ನಿಂತರು. ಕಿಟಕಿಯಿಂದ ನೋಡಿದರೆ ಗೋಪುರದ ಬಾಗಿಲು ತೆರೆದಿತ್ತು, ಒಳಗೆ ಇಬ್ಬರೂ ಒಂದೇ ಹಗ್ಗ ಹಿಡಿದಿದ್ದರು, ಅವನ ಕೈ ಮೇಲೆ, ಅವಳ ಕೈ ಕೆಳಗೆ. ಹಗುರ ಹೊತ್ತು ಬಂತು. ಗಣಿಯಲ್ಲಿ ಚಪ್ಪಡಿಗಳು ಎದ್ದವು. ಎರಡೂವರೆ ನಿಮಿಷಕ್ಕೆ ನನ್ನ ಕೈಯಲ್ಲಿದ್ದ ಪುಸ್ತಕ ಮತ್ತೆ ತೂಕವಾಯಿತು, ಮಕ್ಕಳು ಕೂರಲು ಬೆಂಚು ಎಳೆದರು. ಗಂಟೆ ನಿಲ್ಲಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರು ಅಲ್ಲಲ್ಲೇ ನಿಂತು ಗೋಪುರದ ಕಡೆ ತಿರುಗಿದರು. ಭಾರವೆಲ್ಲ ಮರಳಿ ಬಂದಿತ್ತು, ಹಗ್ಗವೂ ಭಾರವಾಗಿರಬೇಕು. ಆದರೂ ಅವರಿಬ್ಬರೂ ಎಳೆಯುತ್ತಲೇ ಇದ್ದರು.